ಮೋಡ ಬಿತ್ತಿದವರ ಜಲಪ್ರಳಯ

ಡಲ್ಲಾಸ್ ನಗರದ ಉತ್ತರದ ಬಡಾವಣೆಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಯಾವುದಾದರೊಂದು ಸಂಜೆ ಮೋಡ ಹಸಿರುಗಪ್ಪಾಗಿ ತಿರುಗಿತೆಂದರೆ ಜನ ಊಟ ಬಿಟ್ಟೆದ್ದು ಕಾರುಗಳನ್ನು ಸೂರಿನಡಿಗೆ ಓಡಿಸುತ್ತಾರೆ. ಹದಿನೆಂಟು ವರ್ಷಗಳಿಂದ ಇಲ್ಲಿರುವ ನಾನು ವಿಮಾ ಕಂಪನಿಗಳಿಗಾಗಿ ಆಲಿಕಲ್ಲಿನ ಹಾನಿಯನ್ನು ಅಂದಾಜು ಮಾಡುವ ತಂತ್ರಾಂಶ ಬರೆಯುತ್ತೇನೆ. ರೋಣ ತಾಲ್ಲೂಕಿನ ಒಣಬೇಸಾಯದ ಮನೆಯಿಂದ ಬಂದವನಿಗೆ ಆಕಾಶದಿಂದ ಬೀಳುವ ನೀರನ್ನು ನಷ್ಟದ ಖಾತೆಗೆ ಬರೆಯುವುದು ಮೊದಮೊದಲು ಅಪಚಾರದಂತೆ ಕಾಣುತ್ತಿತ್ತು, ಈಗ ಅಭ್ಯಾಸವಾಗಿದೆ.

ಈ ಕೆಲಸದ ನಡುವೆ ಮೋಡದೊಳಗಿನ ಹಿಮದ ಬಗ್ಗೆ ಓದಬೇಕಾಗಿ ಬಂತು. ಮೋಡ ಭೌತಶಾಸ್ತ್ರದಲ್ಲಿ ಒಂದು ಹಳೆಯ ಒಗಟಿದೆ. ನೀರಿನ ಹನಿ ಹೆಪ್ಪುಗಟ್ಟಿ ಹರಳಾಗಬೇಕಾದರೆ ಸಾಮಾನ್ಯವಾಗಿ ಧೂಳಿನ ಕಣದಂಥ ಒಂದು ಬೀಜ ಬೇಕು; ಆದರೆ ವಿಮಾನದಲ್ಲಿ ಹೋಗಿ ಎಣಿಸಿದಾಗ ಕೆಲವು ಮೋಡಗಳಲ್ಲಿ ಬೀಜಗಳಿಗಿಂತ ಹರಳುಗಳೇ ನೂರಾರು ಪಟ್ಟು ಹೆಚ್ಚು ಸಿಗುತ್ತವೆ. ಬಿತ್ತದೆಯೇ ಬೆಳೆದ ಈ ಫಸಲು ಎಲ್ಲಿಂದ ಬಂತು? ಹರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚೂರಾಗುತ್ತವೆ, ಆ ಚೂರುಗಳೇ ಹೊಸ ಹರಳುಗಳಾಗಿ ಬೆಳೆಯುತ್ತವೆ ಎಂಬುದು ಒಂದು ಉತ್ತರ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಪ್ರಯೋಗಕ್ಕೆ ಒಡ್ಡಿದ ಮೊದಮೊದಲ ಪ್ರಬಂಧಗಳಲ್ಲೊಂದು 1978ರಲ್ಲಿ ಅಮೆರಿಕದ ವಾಯುಮಂಡಲ ವಿಜ್ಞಾನದ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಲ್ಯಾರಿ ವಾರ್ಡಿಮನ್. ನಿಜವಾದ ಹಿಮದ ಹರಳುಗಳು ಬಡಿದು ಒಡೆಯುವುದನ್ನು ಚಿತ್ರೀಕರಿಸಿ, ಚೂರುಗಳನ್ನು ಎಣಿಸಿ, ಬಡಿತದ ರಭಸಕ್ಕೂ ಚೂರಿನ ಸಂಖ್ಯೆಗೂ ಸಂಬಂಧ ಕಟ್ಟಿಕೊಟ್ಟ ಕೆಲಸ ಅದು. ಮೈಮೇಲೆ ಹನಿಗಳು ಹೆಪ್ಪುಗಟ್ಟಿ ಒರಟಾದ ಹರಳು ಹೆಚ್ಚು ಚೂರಾಗುತ್ತದೆ ಎಂದು ಅದು ತೋರಿಸಿತು. ನಾಲ್ಕು ದಶಕ ಕಳೆದರೂ ಈ ವಿಷಯದಲ್ಲಿ ಸೂತ್ರ ಕಟ್ಟುವವರು ಅದನ್ನು ಹೆಕ್ಕಿ ನೋಡುತ್ತಲೇ ಇದ್ದಾರೆ.

ನಾನೂ ನೋಡಿದೆ, ಮೆಚ್ಚಿದೆ. ಊಟದ ಹೊತ್ತಿನಲ್ಲಿ ಈ ಹೆಸರೆತ್ತಿದಾಗ ಪಕ್ಕದ ಮೇಜಿನ ಸಹೋದ್ಯೋಗಿ ನಕ್ಕು, "ಅವರು ಅನಂತರ ಬೈಬಲ್ಲಿನ ನೋಹನ ಪ್ರಳಯದ ಲೆಕ್ಕ ಹಾಕಿದವರಲ್ಲವೆ?" ಎಂದ. ಹೌದು, ಇಬ್ಬರೂ ಒಬ್ಬರೇ. ಆ ಒಬ್ಬರ ವೃತ್ತಿಜೀವನದ ಬಗ್ಗೆ, ಅದನ್ನು ಓದುವಾಗ ನನಗೆ ನಮ್ಮೂರಿನ ರೀತಿಗಳು ನೆನಪಾದದ್ದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ವಾರ್ಡಿಮನ್ ಮಿಸೌರಿಯಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ವಾಯುಪಡೆಯಲ್ಲಿ ಹವಾಮಾನ ಅಧಿಕಾರಿಯಾಗಿದ್ದು, 1974ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಿಂದ ವಾಯುಮಂಡಲ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಆ ಕಾಲಕ್ಕೆ ಆ ವಿಶ್ವವಿದ್ಯಾಲಯವೆಂದರೆ ಮೋಡ ಬಿತ್ತನೆಯ ಗರಡಿಮನೆ. ರಾಕಿ ಪರ್ವತಗಳ ಚಳಿಗಾಲದ ಮೋಡಗಳಿಗೆ ಸಿಲ್ವರ್ ಅಯೊಡೈಡ್ ಹೊಗೆ ಹಾಕಿ ಹಿಮಪಾತ ಹೆಚ್ಚಿಸುವ ದೊಡ್ಡ ಪ್ರಯೋಗಗಳು ಅಲ್ಲಿಂದಲೇ ನಡೆದಿದ್ದವು. ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಕೊಲೊರಾಡೊ ನದಿಗೆ ಇಳಿದು ಒಣರಾಜ್ಯಗಳ ಹೊಲಗಳಿಗೆ ಹೋಗುತ್ತದೆ. ಆದ್ದರಿಂದ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆಯೇ ಈ ಪ್ರಯೋಗಗಳಿಗೆ ಹಣ ಸುರಿಯಿತು. ವಾರ್ಡಿಮನ್ ಆ ಇಲಾಖೆಯಲ್ಲಿ ದುಡಿದರು. ಯಾವ ಮೋಡಕ್ಕೆ ಬಿತ್ತಿದರೆ ಹಿಮ ಹೆಚ್ಚುತ್ತದೆ, ಯಾವುದಕ್ಕೆ ಬಿತ್ತಿದರೆ ಕಡಿಮೆಯೇ ಆಗಬಹುದು ಎಂಬ ಮಾನದಂಡಗಳನ್ನು ಹಲವು ಯೋಜನೆಗಳ ದತ್ತಾಂಶ ಕೂಡಿಸಿ ಅದೇ 1978ರಲ್ಲಿ ಸಹಲೇಖಕರೊಬ್ಬರೊಂದಿಗೆ ಪ್ರಕಟಿಸಿದರು. ಬಿತ್ತಿದರೆ ಕಡಿಮೆಯೂ ಆಗಬಹುದು ಎಂದು ಮೋಡ ಬಿತ್ತುವ ಯೋಜನೆಯ ಸಂಬಳ ಉಣ್ಣುವವರೇ ಬರೆಯುವುದು ಸಣ್ಣ ಮಾತಲ್ಲ.

1980ರ ದಶಕದಲ್ಲಿ ಅವರು ದಾರಿ ಬದಲಿಸಿದರು. ಹೆನ್ರಿ ಮಾರಿಸ್ ಎಂಬ ಜಲಶಾಸ್ತ್ರದ ಎಂಜಿನಿಯರ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದ ಇನ್‌ಸ್ಟಿಟ್ಯೂಟ್ ಫಾರ್ ಕ್ರಿಯೇಷನ್ ರಿಸರ್ಚ್ ಸೇರಿ, ಅಲ್ಲಿನ ಖಗೋಳ ಮತ್ತು ಭೂಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಬೈಬಲ್ಲಿನ ಆದಿಕಾಂಡ ಅಕ್ಷರಶಃ ಇತಿಹಾಸ, ಭೂಮಿಗೆ ಕೆಲವೇ ಸಾವಿರ ವರ್ಷ, ನೋಹನ ಪ್ರಳಯ ಇಡೀ ಭೂಮಂಡಲವನ್ನು ಮುಳುಗಿಸಿತು ಎಂಬುದು ಆ ಸಂಸ್ಥೆಯ ಬುನಾದಿ. ಇದನ್ನು ವಿಜ್ಞಾನದ ಮಾರ್ಗದಿಂದ ಸಾಧಿಸಿ ತೋರಿಸುತ್ತೇವೆ ಎಂಬುದು ಅವರ ಪಣ. ಆ ಪಣಕ್ಕೆ ಅವರಿಟ್ಟ ಹೆಸರು ಸೃಷ್ಟಿವಿಜ್ಞಾನ. ಅದನ್ನು ಶಾಲೆಗಳಲ್ಲಿ ವಿಕಾಸವಾದದ ಜೊತೆಗೆ ಕಡ್ಡಾಯವಾಗಿ ಹೇಳಿಕೊಡುವ ಕಾನೂನುಗಳು ಅರ್ಕಾನ್ಸಾ, ಲೂಸಿಯಾನಾಗಳಲ್ಲಿ ಬಂದವು. ಮೊದಲನೆಯದು 1982ರಲ್ಲಿ ಕೆಳ ನ್ಯಾಯಾಲಯದಲ್ಲಿ ಬಿತ್ತು. ಎರಡನೆಯದನ್ನು 1987ರಲ್ಲಿ ಸುಪ್ರೀಂ ಕೋರ್ಟ್, ಇದು ಮತಬೋಧನೆ ಎಂದು ತಳ್ಳಿಹಾಕಿತು. ವಾರ್ಡಿಮನ್ ಅವರ ಹೊಸ ಬರವಣಿಗೆ ಬಿರುಸಾದದ್ದು ಈ ಸೋಲಿನ ಬೆನ್ನಿಗೆ.

ಅವರು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ರುಚಿಸಿದ್ದು ಆವಿಯ ಕೊಡೆಯ ಪ್ರಶ್ನೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರ್ಪಡಿಸುತ್ತಾನೆ. ಪ್ರಳಯಕ್ಕೆ ಮುಂಚೆ ಭೂಮಿಯ ಸುತ್ತ ನೀರಾವಿಯ ದಟ್ಟ ಹೊದಿಕೆಯೊಂದಿತ್ತು, ಅದೇ ಕುಸಿದು ನಲವತ್ತು ಹಗಲು ನಲವತ್ತು ಇರುಳು ಸುರಿಯಿತು ಎಂದು ಸೃಷ್ಟಿವಾದಿಗಳಲ್ಲಿ ಅನೇಕರು ನಂಬಿದ್ದರು. ಆ ಆವಿ ಸುಮಾರು 40 ಅಡಿ ನೀರಿಗೆ ಸಮನಾಗಿತ್ತು ಎಂದು ಅಳತೆಯನ್ನೂ ಕೊಟ್ಟಿದ್ದರು. ಕಥೆಯಾಗಿ ಚೆನ್ನಾಗಿದೆ. ಆದರೆ ಹವಾಮಾನ ಕಲಿತವನ ಕೈಗೆ ಸಿಕ್ಕರೆ ಇದರ ಗತಿ ಬೇರೆ. ಇಂದು ವಾಯುಮಂಡಲದಲ್ಲಿರುವ ಅಷ್ಟೂ ನೀರಾವಿಯನ್ನು ಹಿಂಡಿ ನೆಲದ ಮೇಲೆ ಸಮನಾಗಿ ಹರಡಿದರೆ ಸರಾಸರಿ 25 ಮಿಲಿಮೀಟರ್, ಅಂದರೆ ಒಂದು ಅಂಗುಲ ನಿಲ್ಲುತ್ತದೆ. ನಮ್ಮ ಹೊಲದಲ್ಲಿ ಬಿತ್ತನೆಗೆ ಹದವಾಗುವಷ್ಟು ಮಳೆ, ಅಷ್ಟೇ. ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಗಾಳಿಗೆ ಬಿಡುತ್ತದೆ. ಒಂದು ಅಂಗುಲ ಸುರಿಯುವಾಗ ಬಿಟ್ಟ ಶಾಖವೆಲ್ಲ ಗಾಳಿಯಲ್ಲೇ ಉಳಿದರೆ ಇಡೀ ವಾಯುಮಂಡಲ ಸುಮಾರು 6 ಡಿಗ್ರಿ ಬಿಸಿಯಾಗಬೇಕು. 40 ಅಡಿಗೆ ಇದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ: ಸುಮಾರು 3000 ಡಿಗ್ರಿ ಬಂತು. ನೋಹನ ನಾವೆ ತೇಲುವುದಿರಲಿ, ಅದಕ್ಕೆ ಹೊಡೆದ ಮೊಳೆಯೂ ಕರಗುತ್ತಿತ್ತು.

ಕುಸಿಯುವ ಮಾತು ಹಾಗಿರಲಿ, ಅಂಥ ಕೊಡೆ ಮೇಲೆ ನಿಂತಿದ್ದಾಗಲಾದರೂ ಕೆಳಗೆ ಜೀವ ಇರಬಹುದಿತ್ತೆ ಎಂಬುದನ್ನು ವಾರ್ಡಿಮನ್ ಪರೀಕ್ಷೆಗೆ ಒಡ್ಡಿದರು. ನೀರಾವಿ ಭೂಮಿಯ ಶಾಖವನ್ನು ಹೊರಗೆ ಬಿಡದ ಅನಿಲ. 1990ರಲ್ಲಿ ಡೇವಿಡ್ ರಷ್ ಎಂಬವರ ಜೊತೆ ವಿಕಿರಣದ ಮಾದರಿಯನ್ನು ಗಣಕಯಂತ್ರದಲ್ಲಿ ಓಡಿಸಿದಾಗ, ಕೊಡೆಯಲ್ಲಿ ಲೆಕ್ಕಕ್ಕೆ ಬರುವಷ್ಟು ನೀರಿಟ್ಟರೆ ನೆಲ ಜೀವಿಗಳು ಬದುಕಲಾರದಷ್ಟು ಕಾಯುತ್ತದೆ ಎಂದು ತೇಲಿತು. 2003ರಲ್ಲಿ ಮತ್ತೊಮ್ಮೆ ಯತ್ನಿಸಿದರು; ಸೂರ್ಯನ ಪ್ರಖರತೆ ಇಂದಿಗಿಂತ ಬಹಳ ಕಡಿಮೆ ಇತ್ತು ಎಂಬಂಥ ಊಹೆಗಳನ್ನು ಕೂಡಿಸಿದರೆ ಮಾತ್ರ ಒಂದಿಷ್ಟು ಹೆಚ್ಚು ನೀರನ್ನು ಮೇಲೆ ನಿಲ್ಲಿಸಬಹುದಿತ್ತು. ಜಗತ್ತನ್ನು ಮುಳುಗಿಸುವ ಮಾತಂತೂ ಅದರಲ್ಲಿರಲಿಲ್ಲ. ಈ ಫಲಿತಾಂಶಗಳನ್ನು ಅವರು ಮುಚ್ಚಿಡಲಿಲ್ಲ, ಸೃಷ್ಟಿವಾದಿಗಳ ಸಮ್ಮೇಳನದಲ್ಲೇ ಮಂಡಿಸಿದರು. ಸೃಷ್ಟಿವಾದಿಗಳಲ್ಲಿ ಬಹುಪಾಲು ಜನ ಆವಿಯ ಕೊಡೆಯನ್ನು ಕೈಬಿಡಲು ಇಂಥ ಲೆಕ್ಕಗಳು ಒಂದು ಕಾರಣವಾದವು.

ಇಲ್ಲಿಗೆ ಬಂದಾಗ ನನಗೆ ನಮ್ಮ ಮನೆಯ ಯುಗಾದಿ ನೆನಪಾಗುತ್ತದೆ. ಬೇವು ಬೆಲ್ಲ ತಿಂದಾದ ಮೇಲೆ ಊರ ಗುಡಿಯ ಕಟ್ಟೆಯಲ್ಲಿ ಪಂಚಾಂಗ ಓದುತ್ತಿದ್ದರು. ರಾಜ ಯಾರು, ಮಂತ್ರಿ ಯಾರು, ಈ ಸಂವತ್ಸರದಲ್ಲಿ ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆ ಎಷ್ಟು ಭಾಗ, ಪರ್ವತಕ್ಕೆ ಎಷ್ಟು, ಭೂಮಿಗೆ ಎಷ್ಟು ಎಂದು ರೈತರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಅಲ್ಲಿಂದ ಎರಡು ಹರದಾರಿ ದೂರದ ಸರ್ಕಾರಿ ಕಚೇರಿಯ ಅಂಗಳದಲ್ಲಿ ಮಳೆ ಮಾಪಕವಿತ್ತು, ದಿನವೂ ಬೆಳಿಗ್ಗೆ ಸಿಬ್ಬಂದಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಕೊಳಗ ಒಂದು ಕಡೆ, ಮಿಲಿಮೀಟರ್ ಇನ್ನೊಂದು ಕಡೆ. ಈ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರನ್ನು ನಾನು ಕಂಡಿಲ್ಲ. ನನ್ನ ತಂದೆ ಎರಡನ್ನೂ ಗೌರವಿಸುತ್ತಿದ್ದರು: ರೋಹಿಣಿ, ಮೃಗಶಿರಾ ಎಂದು ನಕ್ಷತ್ರದ ಲೆಕ್ಕದಲ್ಲಿ ಬಿತ್ತನೆ ಯೋಚಿಸುತ್ತಿದ್ದರು, ಧಾರವಾಡ ಆಕಾಶವಾಣಿಯ ಹವಾಮಾನ ವರ್ತಮಾನವನ್ನೂ ತಪ್ಪದೆ ಕೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಓಣಿಯ ಹುಡುಗನೊಬ್ಬನ ತಲೆಯ ಮೇಲೆ ರೊಟ್ಟಿಯ ಹಂಚು ಬೋರಲು ಹಾಕಿ, ಸಗಣಿಯ ಗುರ್ಜಿ ಕೂರಿಸಿ, ಮನೆಮನೆಯ ಮುಂದೆ ನಿಲ್ಲಿಸಿ ಹೆಂಗಸರು ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ಒಂದು ವರ್ಷ ಆ ಹುಡುಗ ನಾನೇ. ಹಂಚಿನ ಮಸಿ ನೀರಿನೊಂದಿಗೆ ಬೆನ್ನಿನ ಮೇಲೆ ಇಳಿದು ಚಡ್ಡಿಯ ಒಳಗೆ ಸೇರಿದ್ದು ಈಗಲೂ ನೆನಪಿದೆ. ಮಳೆ ಬಂತೆ ಎಂಬುದು ನೆನಪಿಲ್ಲ, ಯಾರೂ ಅದನ್ನು ಬರೆದಿಟ್ಟಿಲ್ಲ.

ಸರ್ಕಾರವೂ ಇದೇ ಮನೆತನದ್ದು. ಕರ್ನಾಟಕ 2003ರಲ್ಲಿ ವರುಣ ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. 2017ರ ಆಗಸ್ಟ್‌ನಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ಮತ್ತೆ ವಿಮಾನ ಹಾರಿಸಿತು. ಅದೇ 2017ರ ಜೂನ್‌ನಲ್ಲಿ ಜಲಸಂಪನ್ಮೂಲ ಸಚಿವರು ನದಿಮೂಲಗಳಲ್ಲಿ ಪರ್ಜನ್ಯ ಹೋಮ ಮಾಡಿಸಿದ್ದರು. 2019ರಲ್ಲಿ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಪರ್ಜನ್ಯ ಜಪಕ್ಕೆ ಸುತ್ತೋಲೆ ಕಳಿಸಿತು. ಸಿಲ್ವರ್ ಅಯೊಡೈಡಿನ ಹೊಗೆ ಆಕಾಶದಲ್ಲಿ, ಸಮಿತ್ತಿನ ಹೊಗೆ ನೆಲದ ಮೇಲೆ, ಎರಡಕ್ಕೂ ಜಗಳವಿಲ್ಲ. ಟೆಕ್ಸಾಸಿನ ನನ್ನ ನೆರೆಯವರಿಗೆ ಇದನ್ನು ವಿವರಿಸಿದಾಗ ಅವರಿಗೆ ವಿಚಿತ್ರವೆನಿಸಿತು. ಚರ್ಚಿನಲ್ಲಿ ಹಿರಿಯರಾದ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ನೀವು ನಂಬುವುದು ಯಾವುದನ್ನು?" ಉತ್ತರ ಹೇಳಲು ಹೋದರೆ ಪ್ರಶ್ನೆಯೇ ನಮ್ಮದಲ್ಲ ಎನಿಸಿತು.

ಅವರೇ ನನ್ನನ್ನು ವಾರ್ಡಿಮನ್ ಸೇರಿದ ಆ ಸೃಷ್ಟಿವಾದಿ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದವರು. ಇನ್‌ಸ್ಟಿಟ್ಯೂಟ್ ಕ್ಯಾಲಿಫೋರ್ನಿಯಾ ಬಿಟ್ಟು ಡಲ್ಲಾಸಿಗೆ ಬಂದು ನೆಲೆಸಿದೆ. ಇಲ್ಲಿಗೆ ಬಂದೊಡನೆ ವಿಜ್ಞಾನ ಬೋಧನೆಯಲ್ಲಿ ಸ್ನಾತಕೋತ್ತರ ಪದವಿ ಕೊಡಲು ಟೆಕ್ಸಾಸ್ ರಾಜ್ಯದ ಅನುಮತಿ ಕೇಳಿತು. 2008ರಲ್ಲಿ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ನಿರಾಕರಿಸಿತು, 2010ರಲ್ಲಿ ನ್ಯಾಯಾಲಯವೂ ಸಂಸ್ಥೆಯ ವಾದವನ್ನು ಎತ್ತಿಹಿಡಿಯಲಿಲ್ಲ. ಪದವಿ ಸಿಗದಿದ್ದರೂ 2019ರಲ್ಲಿ ಅದು ದೊಡ್ಡದೊಂದು ಪ್ರದರ್ಶನಾಲಯ ತೆರೆಯಿತು: ಕತ್ತು ತಿರುಗಿಸಿ ಗುಡುಗುವ ಯಾಂತ್ರಿಕ ಡೈನೋಸಾರ್, ತಾರಾಲಯ, ಹಿಮಯುಗಕ್ಕೊಂದು ಪ್ರತ್ಯೇಕ ಭಾಗ. ಎಲ್ಲವೂ ಅಚ್ಚುಕಟ್ಟು. ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿನ ಭಕ್ತಿಯಲ್ಲ. ಭಕ್ತಿ ನಮಗೆ ಹೊಸದೇ? ಬೆರಗಾದದ್ದು ಅಲ್ಲಿನ ನಕ್ಷೆಗಳನ್ನು, ಅಂಕಿಗಳನ್ನು, ಬಂಡೆಯ ತುಣುಕುಗಳನ್ನು ಕಂಡು. ದೇವರಿದ್ದಾನೆಂದು ನಂಬಿದ ಜನಕ್ಕೆ ಪ್ರಯೋಗಾಲಯದ ಚೀಟಿ ಏಕೆ ಬೇಕು ಎಂದು ನನ್ನೊಳಗಿನ ರೋಣದ ಹುಡುಗ ಕೇಳುತ್ತಿದ್ದ.

ಕಾರಣ ಸರಳವೇ. ಅವರ ಗ್ರಂಥ ಒಂದೇ; ಅದರಲ್ಲಿ ವಂಶಾವಳಿಗಳಿವೆ, ವಯಸ್ಸುಗಳಿವೆ, ಕೂಡಿದರೆ ಒಂದು ಇಸವಿ ಬರುತ್ತದೆ. ಹದಿನೇಳನೆಯ ಶತಮಾನದ ಐರಿಷ್ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಕೂಡಿಸಿ ಕ್ರಿಸ್ತಪೂರ್ವ 4004 ಎಂದಿದ್ದರು. ಇಸವಿ ಹೇಳಿದ ಮೇಲೆ ಅದು ಸುಳ್ಳಾಗುವ ಅಪಾಯಕ್ಕೆ ತಲೆ ಕೊಟ್ಟಂತೆ. ಆ ತಲೆಯನ್ನು ಉಳಿಸಿಕೊಳ್ಳಲು ವಾರ್ಡಿಮನ್ ಅಂಥವರು ಬೇಕಾದರು. ಅವರೊಬ್ಬರೇ ಅಲ್ಲ: ಮೊಂಟಾನಾದಲ್ಲಿ ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚಕರಾಗಿ 2001ರವರೆಗೆ ದುಡಿದ ಮೈಕೆಲ್ ಓರ್ಡ್, ಪ್ರಳಯದ ನಂತರ ಬಿಸಿಯಾಗಿದ್ದ ಸಾಗರಗಳಿಂದಲೂ ಜ್ವಾಲಾಮುಖಿಯ ಧೂಳಿನಿಂದಲೂ ಸುಮಾರು 700 ವರ್ಷಗಳಲ್ಲಿ ಒಂದು ಹಿಮಯುಗ ಬಂದು ಮುಗಿದೇ ಹೋಯಿತು ಎಂದು 1990ರಲ್ಲಿ ಲೆಕ್ಕ ಕೊಟ್ಟರು. ಭೂವಿಜ್ಞಾನಿಗಳು ಕೊನೆಯ ಹಿಮಾವಧಿಗೆ ಕೊಡುವುದು ಸುಮಾರು ಒಂದು ಲಕ್ಷ ವರ್ಷ. ಗ್ರೀನ್‌ಲ್ಯಾಂಡಿನಲ್ಲಿ 1993ರಲ್ಲಿ 3053 ಮೀಟರ್ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬದಲ್ಲಿ ವರ್ಷಕ್ಕೊಂದರಂತೆ ಕೂತ ಪದರಗಳನ್ನು ಎಣಿಸಿದರೆ ಲಕ್ಷ ದಾಟುತ್ತದೆ. ಆರಂಭದಲ್ಲಿ ಹಿಮ ಅಪಾರವಾಗಿ ಬಿದ್ದದ್ದರಿಂದ ಪದರಗಳು ವರ್ಷದವಲ್ಲ ಎಂಬ ಧಾಟಿಯ ಸಮಜಾಯಿಷಿಯನ್ನು ಸೃಷ್ಟಿವಾದಿಗಳು ಕೊಡುತ್ತಾರೆ. ಹೀಲಿಯಂನದೂ ಇದೇ ಕಥೆ. ಬಂಡೆಗಳಲ್ಲಿ ಯುರೇನಿಯಂ ಕ್ಷಯಿಸುವಾಗ ಹುಟ್ಟುವ ಹೀಲಿಯಂ ಗಾಳಿಗೆ ಬರುತ್ತದೆ, ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಐದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಶಾಖದಿಂದಷ್ಟೇ ತಪ್ಪಿಸಿಕೊಂಡು ಹೋಗುವುದಾದರೆ ಇಷ್ಟು ಸಂಗ್ರಹವಾಗಲು ಸುಮಾರು 20 ಲಕ್ಷ ವರ್ಷ ಸಾಕು, ಆದ್ದರಿಂದ ವಾಯುಮಂಡಲ 450 ಕೋಟಿ ವರ್ಷ ಹಳೆಯದಿರಲಾರದು ಎಂದು ವಾರ್ಡಿಮನ್ 1990ರಲ್ಲಿ ವಾದಿಸಿದರು. ಧ್ರುವಗಳ ಮೇಲಿನ ಕಾಂತಕ್ಷೇತ್ರದ ಗೆರೆಗಳು ಆಕಾಶಕ್ಕೆ ತೆರೆದುಕೊಂಡಿರುವುದರಿಂದ ವಿದ್ಯುದಂಶ ಹೊತ್ತ ಹೀಲಿಯಂ ಅಲ್ಲಿಂದ ಹರಿದುಹೋಗುತ್ತದೆ, ಲೆಕ್ಕ ಸರಿದೂಗುತ್ತದೆ ಎಂಬುದು ಉಳಿದ ವಿಜ್ಞಾನಿಗಳ ಉತ್ತರ. ನನಗೆ ಅದೇ ಸರಿ ಎನಿಸುತ್ತದೆ. 20 ಲಕ್ಷವನ್ನೇ ಒಪ್ಪಿದರೂ ಅದು 6 ಸಾವಿರವಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಹಸ 1997ರಿಂದ 2005ರವರೆಗೆ ನಡೆಯಿತು. ವಿಕಿರಣಶೀಲ ಧಾತುಗಳಿಂದ ಬಂಡೆಯ ವಯಸ್ಸು ಅಳೆಯುವ ಪದ್ಧತಿಯನ್ನೇ ಪರೀಕ್ಷಿಸಲು ಭೌತಶಾಸ್ತ್ರಜ್ಞರು, ಭೂವಿಜ್ಞಾನಿಗಳು ಸೇರಿದ ತಂಡವೊಂದನ್ನು ವಾರ್ಡಿಮನ್ ಮುನ್ನಡೆಸಿದರು. ಜಿರ್ಕಾನ್ ಹರಳುಗಳಿಂದ ಹೀಲಿಯಂ ಸೋರುವ ವೇಗ ಅಳೆದು, ಬೇಗ ಕ್ಷಯಿಸಿ ಮಾಯವಾಗುವ ಇಂಗಾಲ 14ನ್ನು ವಜ್ರದಲ್ಲಿ ಹುಡುಕಿ, ಎರಡು ದಪ್ಪ ಸಂಪುಟ ಹೊರತಂದರು. ಅವರ ತೀರ್ಮಾನ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಬಂಡೆಗಳಲ್ಲಿ ಇಂದಿನ ವೇಗದ ಲೆಕ್ಕದಲ್ಲಿ 50 ಕೋಟಿ ವರ್ಷಗಳಿಗೂ ಮೀರಿದ ಕ್ಷಯ ನಡೆದಿರುವುದು ನಿಜ ಎಂದು ಅವರೇ ಒಪ್ಪಿದ್ದರು. ಆದರೆ ವರ್ಷಗಳು ಅಷ್ಟಾಗಿಲ್ಲ. ಸೃಷ್ಟಿಯ ಸಮಯದಲ್ಲೂ ಪ್ರಳಯದ ವರ್ಷದಲ್ಲೂ ಕ್ಷಯದ ವೇಗವೇ ಕೋಟ್ಯಂತರ ಪಟ್ಟು ಏರಿತ್ತು ಎಂದರು. ಅಷ್ಟು ಕ್ಷಯ ಅಷ್ಟು ಬೇಗ ನಡೆದರೆ ಹೊಮ್ಮುವ ಶಾಖಕ್ಕೆ ಭೂಮಿಯ ಹೊರಪದರವೇ ಕರಗಬೇಕಲ್ಲ? ಅದನ್ನೂ ಅವರೇ ಬರೆದರು: ಇದು ಬಗೆಹರಿಯದ ಸಮಸ್ಯೆ, ಮುಂದೆ ಸಂಶೋಧನೆ ಬೇಕು.

ಇದನ್ನು ನಾನು ಎರಡು ಸಲ ಓದಿದೆ. ಗಣಿತದಲ್ಲಿ ಉತ್ತರ ತಪ್ಪಾಗಿ ಬಂದಾಗ ಪ್ರಶ್ನೆಯನ್ನು ತಿದ್ದುವ ಹುಡುಗನನ್ನು ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಆದರೆ ಈ ಹುಡುಗ ತನ್ನ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿ, ಉತ್ತರವನ್ನೂ ಸರಿಯಾಗಿ ಬರೆದು, ಕೊನೆಯಲ್ಲಿ ಅದರ ಮೇಲೆ ಗೀಟು ಎಳೆದಿದ್ದಾನೆ. ಆವಿಯ ಕೊಡೆಯಲ್ಲೂ ಹೀಗೆಯೇ. ಲೆಕ್ಕ ಪ್ರಾಮಾಣಿಕ, ತೀರ್ಪು ಮಾತ್ರ ಲೆಕ್ಕಕ್ಕೆ ಮುಂಚೆಯೇ ಬರೆದಿಟ್ಟದ್ದು. ಕೊಡೆ ಬಿದ್ದುಹೋದರೆ ಕೊಡೆಯನ್ನು ಬಿಡಬಹುದು, ಏಕೆಂದರೆ ಕೊಡೆ ಗ್ರಂಥದಲ್ಲಿಲ್ಲ, ವ್ಯಾಖ್ಯಾನದಲ್ಲಿದೆ. ಪ್ರಳಯವನ್ನು ಬಿಡುವ ಹಾಗಿಲ್ಲ. 1978ರಲ್ಲಿ ಹಿಮದ ಚೂರು ಎಣಿಸುವಾಗ ಎಣಿಕೆ ಯಾವ ಕಡೆಗೆ ಬೇಕಾದರೂ ಹೋಗಬಹುದಿತ್ತು, ಇಂತಿಷ್ಟೇ ಬರಬೇಕೆಂದು ಯಾರೂ ಕಾದು ಕೂತಿರಲಿಲ್ಲ. ನನ್ನ ಮಟ್ಟಿಗೆ ಎರಡು ವಾರ್ಡಿಮನ್‌ಗಳ ನಡುವಿನ ವ್ಯತ್ಯಾಸ ಇಷ್ಟೇ, ಬುದ್ಧಿಯಲ್ಲಾಗಲಿ ಶ್ರಮದಲ್ಲಾಗಲಿ ವ್ಯತ್ಯಾಸವಿಲ್ಲ. ವೃತ್ತಿಜೀವನದ ಕೊನೆಯಲ್ಲಿ ಕೂಡ ಅವರು ವೆಸ್ಲಿ ಬ್ರೂವರ್ ಎಂಬವರೊಂದಿಗೆ, ಹವಾಮಾನ ವಿಜ್ಞಾನಿಗಳೆಲ್ಲ ಬಳಸುವ ಮಾದರಿಯಲ್ಲೇ, ಸಾಗರವನ್ನು ಬಿಸಿಮಾಡಿದರೆ ಯೊಸೆಮಿಟಿ ಕಣಿವೆಯ ಮೇಲೆ ಎಷ್ಟು ಹಿಮ ಬಿದ್ದೀತು ಎಂದು ಲೆಕ್ಕ ಹಾಕುತ್ತಿದ್ದರು.

ಹಾಗಾದರೆ ನಮ್ಮ ರೀತಿ ಮೇಲೆ? ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ. ಪೂಜೆಗೆ ಕೂತು ಸಂಕಲ್ಪ ಹೇಳುವಾಗ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ ಎಂದು ಬರುತ್ತದಲ್ಲ. ಒಂದು ಕಲ್ಪವೆಂದರೆ 432 ಕೋಟಿ ವರ್ಷ, ವಿಜ್ಞಾನಿಗಳು ಭೂಮಿಗೆ ಹೇಳುವುದು 454 ಕೋಟಿ, ನೋಡಿ ನಮ್ಮ ಋಷಿಗಳು ಎಷ್ಟು ಹತ್ತಿರ ಬಂದಿದ್ದರು ಎಂದು ಊಟದ ಸಾಲಿನಲ್ಲಿ ಯಾರಾದರೊಬ್ಬರು ಹೇಳದೆ ಇರುವುದಿಲ್ಲ. ನೆರೆಯವರ 6 ಸಾವಿರದ ಮುಂದೆ ನಾನೂ ಒಮ್ಮೆ ಇದನ್ನು ಹೆಮ್ಮೆಯಿಂದ ಬಿಟ್ಟೆ. ಅವರು ಕೂತು ಲೆಕ್ಕ ಕೇಳಿದರು. 432 ಕೋಟಿ ಕಲ್ಪದ ಪೂರ್ತಿ ಉದ್ದ. ಅದರಲ್ಲಿ ಕಳೆದದ್ದು ಎಷ್ಟು? ಆರು ಮನ್ವಂತರ ಮುಗಿದು ಏಳನೆಯದರಲ್ಲಿ ಇಪ್ಪತ್ತೆಂಟನೆಯ ಮಹಾಯುಗದ ಕಲಿ ನಡೆಯುತ್ತಿದೆ ಎಂದು ಕೂಡುತ್ತ ಹೋದರೆ 197 ಕೋಟಿ ಚಿಲ್ಲರೆ ಬಂತು.

ಅಷ್ಟರಲ್ಲಿ ಲಾಲ್‌ಬಾಗಿನ ಬಂಡೆ ನೆನಪಾಗಿ ನನ್ನ ನಾಲಿಗೆ ಒಣಗಿತು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಪರ್ಯಾಯದ್ವೀಪದ ನೈಸ್ ಶಿಲೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿ 300 ಕೋಟಿ ವರ್ಷ ಹಳೆಯದೆಂದು ಬರೆದಿದ್ದಾರೆ. ಎಂಜಿನಿಯರಿಂಗ್ ಓದುವಾಗ ಆ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದವರಲ್ಲಿ ನಾನೂ ಒಬ್ಬ. ಸಂಕಲ್ಪದ ಲೆಕ್ಕವನ್ನು ವಾರ್ಡಿಮನ್ ರೀತಿಯಲ್ಲಿ ಅಕ್ಷರಶಃ ಹಿಡಿದರೆ, ಆ ಬಂಡೆ ಈ ಕಲ್ಪದ ಸೃಷ್ಟಿಗಿಂತ ನೂರು ಕೋಟಿ ವರ್ಷ ಹಿರಿಯದು. ಅವರ 6 ಸಾವಿರ ಹೇಗೆ ಅಳತೆಯಿಂದ ಬಂದದ್ದಲ್ಲವೋ ನಮ್ಮ 432 ಕೋಟಿಯೂ ಅಳತೆಯಿಂದ ಬಂದದ್ದಲ್ಲ. ಗ್ರಹಗಳ ಸುತ್ತುಗಳನ್ನು ಪೂರ್ಣಸಂಖ್ಯೆಯಲ್ಲಿ ಹೊಂದಿಸಲು ಸಿದ್ಧಾಂತಿಗಳು ದೊಡ್ಡ ಸಂಖ್ಯೆಯನ್ನು ಬಳಸಿದರು, ಅದು ಬೇರೆಯೇ ಸೊಗಸು. ನಮ್ಮದು ಈವರೆಗೆ ಸೋಲದೆ ಉಳಿದಿರುವುದು ನಾವು ಅದನ್ನು ಬಂಡೆಯ ಎದುರು ತಂದು ನಿಲ್ಲಿಸದ ಕಾರಣಕ್ಕೆ.

ತಂದು ನಿಲ್ಲಿಸಿದಾಗ ಏನಾಗುತ್ತದೆಂಬುದಕ್ಕೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಭರದ್ವಾಜ ಮಹರ್ಷಿಯಿಂದ ತಮಗೆ ಹೊಳೆದದ್ದೆಂದು ವಿಮಾನಗಳ ಶಾಸ್ತ್ರವೊಂದನ್ನು ಹೇಳಿ ಬರೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು 1974ರಲ್ಲಿ ಅದನ್ನು ಓದಿ, ಅದರಲ್ಲಿನ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳನ್ನು ವಾಯುಚಲನೆಯ ನಿಯಮಗಳಿಗೆ ಒರೆ ಹಚ್ಚಿ, ಭಾಷೆಯನ್ನೂ ಪರಿಶೀಲಿಸಿ, ಗ್ರಂಥ ಪ್ರಾಚೀನವಲ್ಲ, ಈ ವಿಮಾನಗಳಲ್ಲಿ ಯಾವುದೂ ಹಾರಲಾರದು ಎಂದು ಪ್ರಕಟಿಸಿದರು. ಅವಹೇಳನ ಮಾಡಿ ಪಕ್ಕಕ್ಕೆ ಎಸೆಯಲಿಲ್ಲ, ಗೌರವದಿಂದ ಅಳೆದರು, ಅಳೆದು ಬಂದದ್ದನ್ನು ಹೇಳಿದರು. ತೀರ್ಪನ್ನು ಮುಂಚೆ ಬರೆದಿಟ್ಟಿರಲಿಲ್ಲ. ಆದರೂ 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಗ್ರಂಥ ಮತ್ತೆ ವೇದಿಕೆ ಏರಿತು. ವಾರ್ಡಿಮನ್‌ರ ಕಡೆಯವರು ತಮ್ಮ ಕೊಡೆ ಮುರಿದದ್ದನ್ನು ಓದಿಯಾದರೂ ಇದ್ದರು; ನಮ್ಮ ವೇದಿಕೆಯಲ್ಲಿ 1974ನ್ನು ಓದಿದ ಸುಳಿವೇ ಇರಲಿಲ್ಲ. ಈ ಒಂದು ವಿಷಯದಲ್ಲಿ ಟೆಕ್ಸಾಸಿನ ಸೃಷ್ಟಿವಾದಿ ನಮಗಿಂತ ಮೇಲು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೆ ಹೇಳುತ್ತೇನೆ.

ಕಳೆದ ಬಾರಿ ಊರಿಗೆ ಹೋದಾಗ ಅಟ್ಟ ಹತ್ತಿ ತಂದೆಯವರ ಹಳೆಯ ಪಂಚಾಂಗಗಳನ್ನು ಇಳಿಸಿದೆ. ಅಂಚು ಇಲಿ ಕಡಿದಿದ್ದವು, ಅರಿಶಿನದ ಕಲೆ ಇತ್ತು. ಹನ್ನೆರಡು ವರ್ಷದವು ಪೂರ್ತಿ ಸಿಕ್ಕವು. ಆ ವರ್ಷಗಳ ತಾಲ್ಲೂಕಿನ ಮಳೆಯ ಅಂಕಿಗಳನ್ನೂ ಬರೆದುಕೊಂಡು ಬಂದೆ. ತಂದೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, "ಅದನ್ ತಗೊಂಡ್ ಏನ್ ಮಾಡ್ತಿ? ಬರೂ ಮಳಿ ಬಂದು ಹೋತು" ಎಂದರು. ಹೋಲಿಸಿ ನೋಡುತ್ತೇನೆ ಎಂದೆ. ಅವರು ಮಾತಾಡಲಿಲ್ಲ, ಪಂಚಾಂಗಗಳನ್ನು ಕಟ್ಟಲು ಒಂದು ದಾರ ಹುಡುಕಿ ಕೊಟ್ಟರು.

ಹನ್ನೆರಡು ಸಾಲು, ಎರಡು ಕಾಲಂ. ಒಂದು ಭಾನುವಾರದ ಮುಂಜಾನೆ ಸಾಕು. ಕಟ್ಟು ಈಗಲೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ, ದಾರ ಬಿಚ್ಚಿಲ್ಲ. ಮೂರು ವರ್ಷವಾಯಿತು.